ಬೆಳ್ಳಿಯಂಟು ಒಣಗುವಷ್ಟು ಹೊತ್ತು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಸೂಜಿಯಮ್ಮ ಎಂದೇ ಕರೆಯುತ್ತಿದ್ದರು. ಸಾಸಿವೆಗಿಂತ ಕೊಂಚ ದೊಡ್ಡದಾದ ಹರಳಿನ ಮೇಲೆ, ಕೂದಲಿಗಿಂತ ತೆಳ್ಳಗಿನ ನಾಲ್ಕು ತಂತಿಗಳನ್ನು ಸಾಲಾಗಿ, ಒಂದಕ್ಕೊಂದು ತಾಗದಂತೆ ಅಂಟಿಸುವುದರಲ್ಲಿ ಅವಳದು ಎತ್ತಿದ ಕೈ. ಹೊರಗಿನ ಎರಡು ತಂತಿಗಳಲ್ಲಿ ವಿದ್ಯುತ್ತು ಹರಿಸಿ, ಒಳಗಿನ ಎರಡರಲ್ಲಿ ಅಳೆದರೆ, ಆ ಹರಳು ವಿದ್ಯುತ್ತಿಗೆ ಎಷ್ಟು ಅಡ್ಡಿ ಮಾಡುತ್ತದೆಂದು ತಿಳಿಯುತ್ತದೆ. ಹರಳನ್ನು ತಣ್ಣಗಾಗಿಸುತ್ತ ಹೋದಾಗ ಆ ಅಡ್ಡಿ ಒಂದು ಕಡೆ ತಟ್ಟನೆ ಸೊನ್ನೆಗೆ ಬಿತ್ತೆಂದರೆ ಅದು ಅತಿವಾಹಕ. ಯಾರೂ ಕಾಣದ ಹೊಸ ಹರಳಿನಲ್ಲಿ ಹಾಗೆ ಬೀಳುವುದನ್ನು ಒಮ್ಮೆ ನೋಡಬೇಕೆಂದು ಜನ ಆಯುಷ್ಯ ಸವೆಸುತ್ತಾರೆ.

ಅವಳೂ ಉಳಿದವರ ಹಾಗೇ ಡಾಕ್ಟರೇಟ್ ಮಾಡಿದವಳು, ಸಂಶೋಧನೆಗೆಂದೇ ಬಂದವಳು. ಆದರೆ ಕೈ ನಡುಗದವಳೆಂದು ಹೆಸರು ಬಿದ್ದ ಮೇಲೆ ಎಲ್ಲರ ಹರಳುಗಳೂ ಅವಳ ಮೇಜಿಗೇ ಬರತೊಡಗಿದವು.

"ಸೂಜಿಯಮ್ಮ, ನಂದಕ್ಕೂ ನಾಲ್ಕು ಎಳೆ ಹಾಕ್ಕೊಡಿ. ನೀವಾದ್ರೆ ಚಿಟಿಕೆ ಹೊಡೆಯೋದ್ರೊಳಗೆ ಮುಗಿಸ್ತೀರ. ನಾನು ಮುಟ್ಟಿದ್ರೆ ಹರಳಿಗೇ ತಿಥಿ" ಎಂದು ಕುಲುಮೆಯವನು ಹಲ್ಲುಕಿರಿಯುತ್ತಿದ್ದ. ಹರಳು ಬೆಳೆಸುವ ಕುಲುಮೆ ಅವನ ಸುಪರ್ದಿಯಲ್ಲಿತ್ತು. ಅವನು ಕಲಿಯಲೇ ಇಲ್ಲ. ಕಲಿತರೆ ಮಾಡಬೇಕಾಗುತ್ತದಲ್ಲ. ಅವಳ ಗಂಡ ಹಾಸಿಗೆಯ ಮೇಲುಹಾಸು ಬದಲಿಸಲು ಕಲಿಯದೆ ಉಳಿದದ್ದೂ ಹೀಗೇ. "ನೀನು ಮಾಡಿದ ಹಾಗೆ ನಂಗೆ ಬರಲ್ಲ ಮಾರಾಯ್ತಿ" ಎಂದರೆ ಮುಗಿಯಿತು, ಹೊಗಳಿದಂತೆಯೂ ಆಯಿತು, ಕೈ ತೊಳೆದುಕೊಂಡಂತೆಯೂ ಆಯಿತು. ಲೇಖನ ಅಚ್ಚಾಗುವಾಗ ಹೆಸರುಗಳ ಸಾಲಿನಲ್ಲಿ ಕುಲುಮೆಯವನಿರುತ್ತಿದ್ದ. ಇವಳು ಕೊನೆಯ ಪುಟದಲ್ಲಿ, ಕೃತಜ್ಞತೆಯಲ್ಲಿ.

ತಂತಿ ಅಂಟಿಸುವುದು ಬೆಳ್ಳಿಯ ಪುಡಿ ಬೆರೆಸಿದ ಅಂಟಿನಿಂದ. ಅದನ್ನು ಸೂಜಿಯ ಮೊನೆಯಿಂದ ಹನಿಯಾಗಿ ಇಟ್ಟು ಸುಮ್ಮನೆ ಕೂರಬೇಕು, ಅದು ತನ್ನ ಪಾಡಿಗೆ ಒಣಗಬೇಕು. ಇಡೀ ಮಧ್ಯಾಹ್ನ ಬೇಕು, ನಡುವೆ ತಂತಿ ಜಾರಿದರೆ ಆಗಲೇ ಸರಿಪಡಿಸಬೇಕಾದ್ದರಿಂದ ಬಿಟ್ಟು ಹೋಗುವಂತೆಯೂ ಇಲ್ಲ. ಆತುರಪಟ್ಟು ಬಿಸಿ ಮಾಡಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗೇ ಉಳಿಯುತ್ತದೆ. ತಣ್ಣಗಾದಾಗ ಬಿರುಕು ಬಿಟ್ಟು ತಂತಿ ಕಳಚಿಕೊಳ್ಳುತ್ತದೆ.

ಮನೆಯಲ್ಲಿ ಅತ್ತೆಗೆ ಪಾರ್ಶ್ವವಾಯು ಹೊಡೆದ ಮೇಲೆ ಅವಳ ಕೈಗೆ ತನ್ನದೇ ಎನ್ನುವ ಇಡೀ ಮಧ್ಯಾಹ್ನ ಸಿಕ್ಕಿರಲಿಲ್ಲ. ಬಲಭಾಗ ಪೂರ್ತಿ ಹೋಗಿತ್ತು, ಮಾತು ಅರ್ಧ ಉಳಿದಿತ್ತು. ಹಗಲು ಒಬ್ಬ ಆಯಾ ಇರುತ್ತಿದ್ದಳು, ಸಂಜೆ ಆರಕ್ಕೆ ಅವಳು ಚಪ್ಪಲಿ ಮೆಟ್ಟುವುದರೊಳಗೆ ಸೊಸೆ ಬಾಗಿಲಲ್ಲಿರಬೇಕು. ಮಗನಲ್ಲ, ಸೊಸೆ. ಹೀಗೆಂದು ಯಾರೂ ಕೂತು ತೀರ್ಮಾನಿಸಿರಲಿಲ್ಲ. ಮೊದಲ ವಾರ ಹಾಗಾಯಿತು, ಆಮೇಲೆ ಅದೇ ಪದ್ಧತಿಯಾಯಿತು.

ಅವಳ ಹುದ್ದೆ ತಾತ್ಕಾಲಿಕ. ವರ್ಷ ತುಂಬಿದಾಗಲೆಲ್ಲ ಇನ್ನೊಂದು ವರ್ಷಕ್ಕೆ ಮುಂದೂಡುತ್ತಿದ್ದರು. ಈ ಸಲ ಮುಖ್ಯಸ್ಥರು ಅವಳನ್ನು ಕೋಣೆಗೆ ಕರೆದು ಬಿಡಿಸಿ ಹೇಳಿದ್ದರು: "ನೋಡಮ್ಮ, ಇನ್ನು ಮುಂದೂಡೋಕೆ ಆಗಲ್ಲ. ಒಂದು ಕಾಯಂ ಜಾಗ ಇದೆ. ಸಮಿತಿ ಮುಂದೆ ನಿಮ್ಮದೇ ಅಂತ ಒಂದು ದೊಡ್ಡ ಫಲಿತಾಂಶ ಇಟ್ಟರೆ ಜಾಗ ನಿಮ್ದು. ಇಲ್ದಿದ್ರೆ ನನ್ನ ಕೈಲಿ ಏನೂ ಇಲ್ಲ."

ಅವಳದೇ ಎನ್ನಲು ಒಂದೇ ಒಂದು ಹರಳಿತ್ತು. ಮೂರು ಧಾತುಗಳನ್ನು ಬೆರೆಸುವ ಪ್ರಮಾಣವನ್ನು ಅವಳೇ ಲೆಕ್ಕಹಾಕಿ, ಕುಲುಮೆಯವನ ಹಿಂದೆ ಬಿದ್ದು ಬೆಳೆಸಿದ್ದು. ಆ ಸಲ ಬೆಳೆದವುಗಳಲ್ಲಿ ಬಿರುಕಿಲ್ಲದೆ ಉಳಿದದ್ದು ಅದೊಂದೇ.

ಹರಳನ್ನು ಅಷ್ಟು ತಣ್ಣಗಾಗಿಸಿ ಅಳೆಯಲು ದ್ರವ ಹೀಲಿಯಂ ಬೇಕು. ಅದು ಬರುವುದೇ ಅಪರೂಪ, ಬಂದಾಗ ಸರದಿಯ ಪ್ರಕಾರ ಹಂಚಿಕೆ. ಅವಳ ಸರದಿಯ ಹಿಂದಿನ ದಿನ ತಂತಿಗಳನ್ನು ಜೋಡಿಸಿ, ಬೆಳ್ಳಿಯಂಟಿನ ಬಾಟಲಿ ತೆರೆಯುವಾಗ ಆಯಾಳ ಫೋನು ಬಂತು.

"ಅಕ್ಕಾ, ನನ್ನ ಮಗೂಗೆ ಜ್ವರ ಏರ್ತಾ ಇದೆಯಂತೆ. ನಾನು ಈಗ್ಲೇ ಹೊರಡ್ಬೇಕು. ನೀವು ಬಂದ್ಬಿಡಿ."

ಗಂಡನಿಗೆ ಫೋನು ಮಾಡಿದಳು. ಅವನು ಕರೆ ಕತ್ತರಿಸಿ, ಸಭೆಯಲ್ಲಿದ್ದೇನೆ ಎಂಬ ಸಂದೇಶ ಕಳಿಸಿದ. ಅವಳು ಬಾಟಲಿಯ ಮುಚ್ಚಳ ಹಾಕಿದಳು. ಪಕ್ಕದ ಮೇಜಿನಲ್ಲಿ ಸಾಲ್ಡರಿಂಗ್ ಐರನ್ ಇತ್ತು. ಸೀಸ ತವರ ಬೆರೆತ ಬೆಸುಗೆ, ಇಟ್ಟ ಕೂಡಲೇ ಗಟ್ಟಿಯಾಗುತ್ತದೆ, ಕಾಯುವ ಗೋಜಿಲ್ಲ. ಈ ಹರಳಿನ ಮೈ ಲೋಹದಂಥದ್ದು, ಬೆಸುಗೆ ಕೂರುತ್ತದೆ. ಒಂದು ಸಲಕ್ಕೆ ಏನಾಗುತ್ತದೆ ಎಂದುಕೊಂಡಳು. ನಾಲ್ಕು ಚುಕ್ಕಿ ಇಟ್ಟು, ಕೋಟು ಬಿಚ್ಚಿ ಓಡಿದಳು.

ಮರುದಿನ ಹರಳನ್ನು ಕೋಲಿನ ತುದಿಗೆ ಕಟ್ಟಿ ಹೀಲಿಯಂ ಪಾತ್ರೆಯೊಳಗೆ ಇಳಿಸಿದಳು. ಪರದೆಯ ಮೇಲೆ ಗೆರೆ ನಿಧಾನವಾಗಿ ಇಳಿಯುತ್ತ ಬಂದು, ಏಳು ಕೆಲ್ವಿನ್‌ನ ಹತ್ತಿರ ಕಾಲು ಜಾರಿದಂತೆ ಸೊನ್ನೆಗೆ ಬಿತ್ತು. ಬಿಸಿ ಮಾಡಿದಳು, ಗೆರೆ ಎದ್ದಿತು. ತಣ್ಣಗೆ ಮಾಡಿದಳು, ಮತ್ತೆ ಬಿತ್ತು.

ಮುಖ್ಯಸ್ಥರು ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಅಮ್ಮಾ, ಏನಮ್ಮ ಇದು! ಸಮಿತಿಗೆ ಇವತ್ತೇ ಹೇಳ್ತೀನಿ" ಎಂದರು. ಕುಲುಮೆಯವನು ಎಲ್ಲರಿಗೂ ಚಹಾ ತರಿಸಿ, "ಸೂಜಿಯಮ್ಮ ಇನ್ನು ಮೇಡಂ. ಇನ್ಮೇಲೆ ನಮ್ಮ ತಂತಿಗೆ ಯಾರು ಗತಿ?" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಬಹಳ ದಿನದ ಮೇಲೆ.

ಮನೆಗೆ ಬಂದು ಅತ್ತೆಯನ್ನು ಮಗ್ಗುಲಾಗಿಸಿ ಬೆನ್ನು ಒರೆಸುತ್ತ, "ಅತ್ತೇ, ನಂಗೆ ಕೆಲಸ ಕಾಯಂ ಆಗತ್ತೆ" ಎಂದಳು. ಅತ್ತೆ ಸೊಟ್ಟ ಬಾಯಲ್ಲಿ ಏನೋ ಅಂದರು. ಒಳ್ಳೇದು ಎಂದಿರಬೇಕು, ಅಥವಾ ನೀರು ಎಂದಿರಬೇಕು. ಅವಳು ನೀರು ಕುಡಿಸಿದಳು.

ಮರುದಿನ ಸಮಿತಿಗೆ ಕೊಡಲು ಗೆರೆಯನ್ನು ಚೆಂದ ಮಾಡಿ ಬರೆಯುವಾಗಲೇ ಅವಳ ಕೈ ತಡೆದದ್ದು. ಗೆರೆ ಬೀಳುವ ಜಾಗಕ್ಕೆ ಬಾಣದ ಗುರುತು ಹಾಕಿ ಅಂಕಿ ಬರೆಯಬೇಕಿತ್ತು. ಏಳು, ಮತ್ತೊಂದಿಷ್ಟು. ಸೀಸದ ಬೆಸುಗೆ ಅತಿವಾಹಕವಾಗುವುದೂ ಸರಿಯಾಗಿ ಅಲ್ಲೇ. ಈ ಕೆಲಸಕ್ಕೆ ಬಂದವರಿಗೆಲ್ಲ ಮೊದಲ ವಾರ ಇದನ್ನು ಹೇಳಿ ಹೆದರಿಸುತ್ತಾರೆ. ಅವಳೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದಳು.

ಹರಳನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟಳು. ಒಳಗಿನ ಎರಡು ಚುಕ್ಕಿಗಳ ನಡುವೆ, ಬಸವನಹುಳು ಹರಿದುಹೋದ ಗುರುತಿನಂತೆ, ತೆಳ್ಳಗಿನ ಹೊಳಪು. ಬೆಸುಗೆ ಹರಿದು ಎರಡನ್ನೂ ಜೋಡಿಸಿತ್ತು. ಸೊನ್ನೆಗೆ ಬಿದ್ದದ್ದು ಹರಳೋ, ಈ ಹೊಳಪೋ? ಇದೇ ಇರಬೇಕೆಂದು ಅವಳ ಬುದ್ಧಿ ಹೇಳಿತು. ಎರಡೂ ಇರಬಾರದೇಕೆ ಎಂದು ಮನಸ್ಸು ಹಲುಬಿತು.

ದಾರಿ ಒಂದೇ. ಬೆಸುಗೆಯನ್ನು ಕೆರೆದು, ಬೆಳ್ಳಿಯಂಟು ಹಚ್ಚಿ, ಪೂರ್ತಿ ಒಣಗಿಸಿ, ಮತ್ತೆ ಅಳೆಯುವುದು. ಪಾತ್ರೆಯ ತಳದಲ್ಲಿ ಉಳಿದ ಹೀಲಿಯಂ ನಾಳೆ ಸಂಜೆಯವರೆಗೆ ಬಂದರೆ ಹೆಚ್ಚು. ನಾಡಿದ್ದು ಸಮಿತಿ.

"ನಾಳೆ ಒಂದಿನ ನೀವು ಆರಕ್ಕೆ ಮನೇಲಿರ್ತೀರಾ?" ಎಂದು ಗಂಡನನ್ನು ಕೇಳಿದಳು. ಅವನು ಊಟ ಮಾಡುತ್ತಿದ್ದ.

"ಆಗ್ಲೇ ಸಿಕ್ತಲ್ಲ ನಿಂದು? ಮತ್ತೇನು?"

"ಸಿಕ್ಕಿದ್ದು ನಿಜಾನಾ ಅಂತ ನೋಡ್ಬೇಕು."

"ಇದೊಳ್ಳೆ ಕತೆ. ಸಿಕ್ಕಿದ್ದನ್ನ ಸಿಕ್ಕಿಲ್ಲ ಅಂತ ತೋರಿಸೋಕೆ ಓವರ್‌ಟೈಮು!" ಎಂದು ನಕ್ಕ. ಅವಳು ನಗದಿದ್ದುದನ್ನು ಕಂಡು, "ಸರಿ ಸರಿ, ಬರ್ತೀನಿ. ನನ್ನಮ್ಮ ತಾನೇ, ನೋಡ್ಕೊಳ್ಳೋಕೆ ಬರಲ್ವಾ ನಂಗೆ?" ಎಂದ.

"ಆಯಾ ಬಿಟ್ಟು ಹೋಗೋ ಹೊತ್ತಿಗೆ ಮಗ್ಗುಲು ಬದಲಿಸ್ಬೇಕು, ಅಡಿಬಟ್ಟೆ ಬದಲಿಸ್ಬೇಕು, ಆಮೇಲೆ ಮೆತ್ತಗೆ ಮಾಡಿಟ್ಟಿದ್ದನ್ನ ಚಮಚದಲ್ಲಿ..."

"ಗೊತ್ತು ಕಣೇ, ಪಾಠ ಮಾಡ್ಬೇಡ."

ಮರುದಿನ ಅವಳು ಬ್ಲೇಡಿನ ಮೂಲೆಯಿಂದ ಹೊಳಪನ್ನು ಕೆರೆದಳು. ಹರಳಿನ ಅಂಚು ಚೂರು ಸಿಡಿಯಿತು. ಸೂಜಿಯಮ್ಮನ ಕೈ ನಡುಗುವುದನ್ನು ಕುಲುಮೆಯವನು ಕಂಡು ಆಚೆ ಹೋದ. ಬೆಳ್ಳಿಯಂಟಿನ ನಾಲ್ಕು ಹನಿ ಇಟ್ಟು, ಗಾಜಿನ ಮುಚ್ಚಳ ಕವುಚಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತಳು. ಮಾಡಲು ಏನೂ ಇಲ್ಲದೆ ಹೀಗೆ ಕೂತು ಎಷ್ಟು ಕಾಲವಾಗಿತ್ತೋ. ಆದರೂ ಬೆನ್ನು ಕುರ್ಚಿಗೆ ಆನಲಿಲ್ಲ. ಕಿವಿ ಫೋನಿನ ಕಡೆಗೇ ಇತ್ತು.

ಅಂಟು ಒಣಗಿತು. ಹರಳನ್ನು ಪಾತ್ರೆಗೆ ಇಳಿಸುವ ಹೊತ್ತಿಗೆ ಬೆಳಕು ಕಿಟಕಿಯಿಂದ ಸರಿದಿತ್ತು. ಗೆರೆ ಇಳಿಯತೊಡಗಿದಾಗ ಫೋನು ಬಂತು.

"ನೋಡು, ಇಲ್ಲಿ ಸಿಕ್ಕಾಕೊಂಡ್ಬಿಟ್ಟೆ. ಮೇಲಿನವ್ರು ಬಂದಿದ್ದಾರೆ, ಎದ್ದು ಬರೋಕಾಗಲ್ಲ. ನೀನೇ ಹೋಗ್ಬಿಡು. ಆ ಮಿಷನ್ನು ತಾನಾಗೇ ಓಡುತ್ತಲ್ಲ?"

"ಓಡಲ್ಲ. ಪಾತ್ರೆ ತಳ ಕಾಣ್ತಾ ಇದೆ. ಕೋಲನ್ನ ಕೈಯಲ್ಲೇ ಒಂದೊಂದು ಕೂದಲೆಳೆ ಇಳಿಸ್ಬೇಕು."

"ಹಂಗಾದ್ರೆ ಆಯಾಗೆ ಹೇಳು, ಇನ್ನೊಂಚೂರು ಇರೋಕೆ."

ಆಯಾ ಹೇಳಿಸಿಕೊಳ್ಳುವ ಮೊದಲೇ ಫೋನು ಮಾಡಿದಳು. "ಅಕ್ಕಾ, ನಂಗೂ ಮನೆ ಇದೆ. ನಿಮ್ಮ ಯಜಮಾನ್ರು ಬರ್ತಾರೆ ಅಂದ್ರಿ. ಮಗೂಗೆ ಜ್ವರ ಇನ್ನೂ ಬಿಟ್ಟಿಲ್ಲ."

"ನಿನ್ನ ದಮ್ಮಯ್ಯ ಕಣೇ, ಒಂದು ಗಂಟೆ..."

"ಆಗಲ್ಲ ಅಕ್ಕಾ. ಅಜ್ಜೀನ ಗೋಡೆ ಕಡೆ ಒರಗಿಸಿದೀನಿ, ಬೀಳಲ್ಲ. ಬಾಗಿಲು ಎಳ್ಕೊಂಡು ಹೋಗ್ತೀನಿ."

ಅವಳು ಎದ್ದು ನಿಂತಳು. ಈಗ ಹೋದರೆ ಪಾತ್ರೆ ಬರಿದಾಗುತ್ತದೆ. ನಾಳೆ ಸಮಿತಿಯ ಮುಂದೆ ಬೆಸುಗೆಯ ಗೆರೆ ನಿಲ್ಲುತ್ತದೆ, ಜಾಗ ಅವಳದಾಗುತ್ತದೆ. ಮುಂದೆ ಎಂದೋ, ಇನ್ನೆಲ್ಲೋ, ಇದೇ ಹರಳನ್ನು ಬೆಳೆಸಿದ ಯಾರೋ ಅಳೆದು ನೋಡಿ ನಗುತ್ತಾರೆ. ಅಥವಾ ಹರಳು ನಿಜಕ್ಕೂ ಬೀಳುತ್ತದೆ, ಯಾರೂ ನಗುವುದಿಲ್ಲ. ಕಣ್ಣ ಮುಂದೆ ಅತ್ತೆಯ ಅರ್ಧ ತೆರೆದ ಬಾಯಿ ಬಂತು. ಕೂತಳು. ಕೋಲನ್ನು ಕೂದಲೆಳೆಯಷ್ಟು ಇಳಿಸಿದಳು.

ಹತ್ತು ಕೆಲ್ವಿನ್. ಎಂಟು. ಬೀಳು, ಎಂದಳು ಬಾಯಿಬಿಟ್ಟು. ಯಾರಾದರೂ ಕೇಳಿದ್ದರೆ ಬೈಗುಳವೆಂದುಕೊಳ್ಳಬೇಕಿತ್ತು. ಏಳು ಬಂತು. ಗೆರೆ ಸದ್ದಿಲ್ಲದೆ ದಾಟಿತು. ಆರು, ಐದು. ಟೇಬಲ್ಲಿನ ಮೇಲೆ ಎಳೆದ ದಾರದಂತೆ ನೆಟ್ಟಗೆ ಹೋಗುತ್ತಲೇ ಇತ್ತು. ಪಾತ್ರೆ ಬರಿದಾಗಿ ಅಂಕಿ ಮತ್ತೆ ಮೇಲೇರತೊಡಗುವವರೆಗೆ ನೋಡಿದಳು. ಹರಳು ಬರಿಯ ಹರಳು, ಅದರಲ್ಲಿ ಏನೂ ಇರಲಿಲ್ಲ.

ಮುಖ್ಯಸ್ಥರ ಕೋಣೆಯಲ್ಲಿ ದೀಪವಿತ್ತು. ಅವಳು ಎರಡು ಗೆರೆಗಳನ್ನೂ ಅವರ ಮುಂದಿಟ್ಟಳು. ಅವರು ಒಂದನ್ನು ಇನ್ನೊಂದರ ಪಕ್ಕಕ್ಕೆ ಸರಿಸಿ ನೋಡಿದರು.

"ಬೆಸುಗೆ" ಎಂದರು. "ನೀವು, ಎಲ್ಲ ಬಿಟ್ಟು, ಬೆಸುಗೆ ಹಾಕಿದ್ರಾ? ಒಂದು ಮಧ್ಯಾಹ್ನ ಇರ್ಲಿಲ್ವಾ ನಿಮ್ಮ ಹತ್ರ?"

"ಇರ್ಲಿಲ್ಲ ಸರ್."

"ಏನ್ರೀ ಹಾಗಂದ್ರೆ? ಮನೆ, ಕಾಯಿಲೆ ಎಲ್ಲರಿಗೂ ಇರುತ್ತೆ. ನಮ್ಮಪ್ಪ ಹಾಸಿಗೆ ಹಿಡಿದು ವರ್ಷಗಟ್ಟಲೆ ಇದ್ರು. ನಾನು ಒಂದು ದಿನ ಅಂಟು ಒಣಗೋಕೆ ಮೊದಲು ಎದ್ದು ಹೋಗಿಲ್ಲ."

"ಅವರನ್ನ ಯಾರು ನೋಡ್ಕೋತಿದ್ರು ಸರ್?"

"ಮನೇಲಿ ನನ್ನ ಹೆಂಡ್ತಿ ಇದ್ಲಲ್ಲ" ಎಂದರು, ಇದೆಂಥ ಪ್ರಶ್ನೆ ಎಂಬಂತೆ. ಆಮೇಲೆ ಎರಡು ಹಾಳೆಗಳನ್ನೂ ಅವಳ ಕಡೆ ತಳ್ಳಿದರು. "ಸಮಿತಿಗೆ ನಾನೇ ಹೇಳ್ತೀನಿ, ವಾಪಸ್ ತಗೊಂಡಿದೀವಿ ಅಂತ. ನಂಗೂ ಮುಖ ಇಲ್ದಂಗಾಯ್ತು. ತಿಂಗಳ ಕೊನೆಗೆ ನಿಮ್ಮ ಮೇಜು ಖಾಲಿ ಮಾಡ್ಬೇಕಾಗುತ್ತಮ್ಮ. ಬೇಜಾರು ಮಾಡ್ಕೋಬೇಡಿ."

ಮನೆಯ ಬಾಗಿಲು ತೆರೆದೇ ಇತ್ತು. ಗಂಡ ಅವಳಿಗಿಂತ ತುಸು ಮೊದಲು ಬಂದಿದ್ದ. ಬೂಟು ಬಿಚ್ಚದೆ ಕೋಣೆಯ ಹೊಸಿಲಲ್ಲೇ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ. ಅತ್ತೆ ಒದ್ದೆಯಲ್ಲಿ ಮಲಗಿದ್ದರು. ಸರಿಯಿರುವ ಕೈಯಿಂದ ಗೋಡೆಯನ್ನು ಕೆರೆಯುತ್ತಿದ್ದರು, ಉಗುರ ಸಂದಿಯಲ್ಲಿ ಸುಣ್ಣ ತುಂಬಿತ್ತು.

"ಏನಿದು ಗತಿ? ಮನುಷ್ಯರು ನೋಡೋ ಹಾಗಿದೆಯಾ?" ಎಂದ.

ಅವಳು ಚೀಲ ಇಳಿಸಿ ಅತ್ತೆಯ ತೋಳಿನಡಿ ಕೈ ಹಾಕಿದಳು. "ತಪ್ಪಾಯ್ತು ಅತ್ತೆ" ಎಂದಳು. ಅತ್ತೆಯ ಕಣ್ಣಿಂದ ನೀರು ಕಿವಿಗೆ ಇಳಿಯುತ್ತಿತ್ತು.

"ಏನಾಯ್ತು ನಿಂದು?"

"ಇಲ್ಲ. ಹರಳಲ್ಲಿ ಏನೂ ಇರ್ಲಿಲ್ಲ. ತಿಂಗಳ ಕೊನೆಗೆ ಬಿಡ್ಬೇಕು."

ಅವನು ಮೂಗಿನಿಂದ ಕರ್ಚೀಫು ತೆಗೆದ. ಆಮೇಲೆ ಮೆತ್ತಗೆ, ಸಮಾಧಾನ ಹೇಳುವವನಂತೆಯೇ, "ಹೋಗ್ಲಿ ಬಿಡು. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು. ಅಮ್ಮಂಗೂ ನೀನು ಮನೇಲಿದ್ರೆ ಧೈರ್ಯ" ಎಂದ.

ಅವಳು ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ, ಒದ್ದೆ ಬಟ್ಟೆಯನ್ನು ಸುರುಳಿ ಸುತ್ತುತ್ತ ಎಳೆದು, ಅವನ ಕೈಗೆ ಕೊಟ್ಟಳು. ಕೈ ಚಾಚಿದವನು ಹಾಗೇ ಹಿಡಿದು ನಿಂತ. ಅವನ ಅಂಗಿಯ ತೋಳಿಗೆ ತೇವ ಹತ್ತುತ್ತಿತ್ತು.

"ಇದನ್ನ ಎಲ್ಲಿ ಹಾಕೋದು?" ಎಂದ.

ಅವಳು ಅತ್ತೆಯ ಬೆನ್ನು ಒರೆಸುತ್ತಿದ್ದಳು.

"ಏ, ನಿನ್ನನ್ನೇ ಕೇಳ್ತಿರೋದು. ಇದನ್ನ ಎಲ್ಲಿ ಹಾಕೋದು?"