ರೈಲು ನಿಂತರೆ ಆರುವ ದೀಪ

ದಸರೆಯಲ್ಲಿ ನಮ್ಮ ಮನೆಯ ಗೊಂಬೆಗಳ ಮುಂದೆ ಒಂದು ಪುಟ್ಟ ರೈಲು ಓಡುತ್ತಿತ್ತು. ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮ ಯಜಮಾನರು ಮುಂಬೈಗೆ ಹೋಗಿದ್ದಾಗ ಮಗಳಿಗೆಂದು ತಂದದ್ದು. ಅಂಗೈಗಿಂತ ತುಸು ಉದ್ದದ ಎಂಜಿನ್ನು, ನಾಲ್ಕು ಬೋಗಿ, ತಿರುಗಿಸುವ ಗುಂಡಿಯಿದ್ದ ಒಂದು ಕರೆಂಟಿನ ಡಬ್ಬಿ. ಗುಂಡಿ ತಿರುಗಿಸಿದಷ್ಟೂ ಹಳಿಗೆ ಕರೆಂಟು ಹೆಚ್ಚಿ ರೈಲು ಜೋರಾಗುತ್ತಿತ್ತು. ಮಗಳಿಗೆ ಬೇಗ ಬೇಜಾರಾಯಿತು. ಅದನ್ನು ಹಿಡಿದುಕೊಂಡವರು ನಮ್ಮ ಮಾವ. ಸ್ಟೇಷನ್ನಿನ ಕಿಟಕಿಯ ಹಿಂದೆ ಕೂತು ಟಿಕೆಟ್ ಕೊಡುವುದರಲ್ಲೇ ಅವರ ನೌಕರಿ ಮುಗಿದಿತ್ತು. ಒಂದು ರೈಲನ್ನಾದರೂ ತಾನೇ ಓಡಿಸಬೇಕೆಂಬ ಆಸೆ ಮಾತ್ರ ಒಳಗೇ ಉಳಿದಿತ್ತಂತೆ.

ಪ್ರತಿ ವರ್ಷ ಹಳೇ ಮಂಚದ ಹಲಗೆಯ ಮೇಲೆ ಅವರು ಹಳಿ ಜೋಡಿಸುತ್ತಿದ್ದರು, ಸುತ್ತಲಿನ ಊರು ನನ್ನ ಪಾಲಿಗೆ. ರಾಗಿ ಪೈರಿನ ಹುಲ್ಲು, ಸುಕ್ಕು ಮಾಡಿದ ಕಾಗದದ ಬೆಟ್ಟ, ರಟ್ಟಿನ ಸ್ಟೇಷನ್ನು, ಮುಖ ನೋಡುವ ಕನ್ನಡಿಯ ಕೆರೆ. ಕನ್ನಡಿಯ ಅಂಚು ಕಾಣದ ಹಾಗೆ ಮರಳು ಸುರಿಯುವುದನ್ನು ನಾನು ಕಲಿತದ್ದು ಕಾನ್ವೆಂಟಿನಲ್ಲಿ, ಕ್ರಿಸ್‌ಮಸ್ ಗೋದಲಿ ಕಟ್ಟುವಾಗ. ಮೇಲಿನ ಮೆಟ್ಟಿಲಿಂದ ಪಟ್ಟದ ರಾಜ ರಾಣಿ ಗೊಂಬೆಗಳು ಇದನ್ನೆಲ್ಲ ನೋಡುತ್ತಾ ನಿಂತಿರುತ್ತಿದ್ದವು.

ಎರಡು ಸಾವಿರದ ಇಸವಿಯ ಆಚೆಗೆ ಮಾವನ ಕಣ್ಣು ಮಸುಕಾಗುತ್ತಾ ಹೋಯಿತು. ಗ್ಲಾಕೋಮಾ, ಹೋದ ನೋಟ ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ಕೊನೆಗೆ ಬೆಳಕು ಕತ್ತಲೆಯ ಭೇದವಷ್ಟೇ ಉಳಿಯಿತು. ಬೆಳಗಿನ ಪೇಪರ್ ಬಿಟ್ಟರು, ಸಂಜೆಯ ವಾಕಿಂಗ್ ಬಿಟ್ಟರು. ಆ ವರ್ಷ ಗೊಂಬೆ ಪೆಟ್ಟಿಗೆ ಇಳಿಸುವಾಗ, ಈ ಸಲ ರೈಲು ಬೇಡ, ಬರೀ ಗೊಂಬೆ ಇಡಿ ಎಂದರು. ಟವೆಲ್ ಮಡಿಸುತ್ತಾ ಹಗುರವಾಗಿಯೇ ಹೇಳಿದರು. ಮಡಿಸಿದ ಟವೆಲನ್ನೇ ಮತ್ತೆ ಬಿಡಿಸಿ ಮಡಿಸಿದ್ದನ್ನು ನಾನು ನೋಡಿದೆ. ಇದೊಂದನ್ನೂ ಬಿಟ್ಟರೆ ಈ ಮನುಷ್ಯ ಸುಮ್ಮನೆ ಕೂತುಬಿಡುತ್ತಾರೆ ಅನ್ನಿಸಿತು. ಬರುವ ಮಕ್ಕಳು ಕೇಳುತ್ತವೆ ಎಂದು ನೆಪ ಹೇಳಿ ಹಳಿಯನ್ನೂ ಇಳಿಸಿದೆ.

ಎಲ್‌ಇಡಿ ಪಟ್ಟಿಗಳು ಆಗಿನ್ನೂ ಹೊಸದು. ದೇವರಾಜ ಮೊಹಲ್ಲಾದ ಅಂಗಡಿಯಿಂದ ಯಜಮಾನರು ತಂದ ಸುರುಳಿ ಸೀರೆಗೆ ಹಚ್ಚುವ ಜರಿಯಂತಿತ್ತು. ಬೆನ್ನಿಗೆ ಅಂಟು, ಗುರುತಿರುವಲ್ಲಿ ಕತ್ತರಿಯಿಂದ ಕತ್ತರಿಸಬಹುದು. ಹಳಿಯ ಮೇಲಕ್ಕೆ ಬರುವ ಮೆಟ್ಟಿಲಿನ ಅಂಚಿಗೆ ಅಂಟಿಸಿದೆವು. ಪಟ್ಟಿಗೆ ಹನ್ನೆರಡು ವೋಲ್ಟ್ ಬೇಕು ಎಂದಿದ್ದನಂತೆ ಅಂಗಡಿಯವನು. ರೈಲಿನ ಡಬ್ಬಿಯ ಮೇಲೂ ಹನ್ನೆರಡು ಎಂದೇ ಬರೆದಿತ್ತು. ಇನ್ನೊಂದು ಅಡಾಪ್ಟರ್ ಯಾಕೆ ದಂಡ ಎಂದು ಯಜಮಾನರು ಹಳಿಯ ತಂತಿಗೇ ಪಟ್ಟಿಯ ತಂತಿಯನ್ನೂ ಸೇರಿಸಿಬಿಟ್ಟರು.

ಕೋಣೆಯ ದೀಪ ಆರಿಸಿ ನೋಡಿದೆವು. ರೈಲು ಜೋರಾದಾಗ ಊರೆಲ್ಲ ಬೆಳ್ಳಗೆ ಬೆಳಗಿತು. ನಿಧಾನವಾದರೆ ಬೆಳಕೂ ಸಣ್ಣಗಾಗಿ, ರೈಲು ನಿಲ್ಲುವ ಮೊದಲೇ ಪೂರ್ತಿ ಆರಿತು. ಹಿಂದಕ್ಕೆ ಓಡಿಸಿದರಂತೂ ಹತ್ತಲೇ ಇಲ್ಲ. ಮುಂದಕ್ಕೆ ಬಿಟ್ಟರೆ ಮತ್ತೆ ಮೆಲ್ಲಗೆ ಏರಿತು. ನಿದ್ದೆ ಹೋದ ಮಗುವಿನ ಎದೆ ಏರಿಳಿಯುವ ಹಾಗಿತ್ತು. ಕನ್ನಡಿಯ ಕೆರೆಯಲ್ಲಿ ಇನ್ನೊಂದು ಊರು ಹುಟ್ಟಿ ಮರೆಯಾಗುತ್ತಿತ್ತು. ಯಜಮಾನರು ತಲೆ ಕೆರೆದುಕೊಂಡು ನಿಂತರು.

ಗೋಡೆಯ ಹತ್ತಿರ ಕೂತಿದ್ದ ಮಾವ ಕೇಳಿದರು: "ಈಗ ನಿಧಾನ ಮಾಡಿದೆ ಅಲ್ವೇನೋ?"

"ಹೌದಪ್ಪ. ನಿಮಗೆ ಹ್ಯಾಗೆ ಗೊತ್ತಾಯ್ತು?"

ಅವರು ಗೋಡೆ ಹಿಡಿದುಕೊಂಡು ಬಂದು ಹಲಗೆಯ ಮುಂದೆ ಕೂತು, ಗುಂಡಿಗಾಗಿ ಕೈ ಚಾಚಿದರು.

ಅವತ್ತಿನಿಂದ ಸಂಜೆಯಾದರೆ ಮಡಿಸಿದ ಪಂಚೆ ಉಟ್ಟು ಅಲ್ಲೇ. ಬೆಳಕು ಸಣ್ಣಗಾದರೆ ರೈಲು ನಿಧಾನ, ಆರಿದರೆ ಇನ್ನೂ ತೆವಳುತ್ತಿದೆ ಎಂದರ್ಥ. ಅಲ್ಲಿಂದ ಮುಂದೆ ಚಕ್ರದ ಸದ್ದಿಗೆ ಕಿವಿ.

ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯಾಕೆ ನಕ್ಕರು. "ಏನ್ರೀ, ನಿಮ್ಮ ಗೊಂಬೆಗಳ ಊರಿಗೂ ಲೋಡ್ ಶೆಡ್ಡಿಂಗಾ?" ಯಜಮಾನರಿಗೆ ಅವಮಾನವಾಯಿತು. ಮಾರನೆಯ ದಿನವೇ ಪಟ್ಟಿಗೆ ಬೇರೆ ಅಡಾಪ್ಟರ್ ತಂದು ಹಾಕಿದರು. ರೈಲು ಓಡಲಿ ನಿಲ್ಲಲಿ, ದೀಪ ಒಂದೇ ಸಮ. ನೋಡಲು ಬಹಳ ಚೆನ್ನಾಗಿತ್ತು.

ಸಂಜೆ ಮಾವ ಗುಂಡಿ ತಿರುಗಿಸಿದರು. ಬೆಳಕು ಬದಲಾಗಲಿಲ್ಲ. ಇನ್ನೂ ತಿರುಗಿಸಿದರು. ರೈಲು ತಿರುವಿನಲ್ಲಿ ಹಳಿ ತಪ್ಪಿ ರಾಗಿ ಪೈರಿಗೆ ನುಗ್ಗಿ, ಅಂಗಡಿ ಇಟ್ಟುಕೊಂಡಿದ್ದ ಶೆಟ್ಟಿ ಗೊಂಬೆಯನ್ನು ಕೆಡವಿತು. ಮಾವ ಕೈ ತೆಗೆದು ಪಂಚೆಗೆ ಒರೆಸಿಕೊಂಡರು.

"ಸಾಕು ಬಿಡಮ್ಮ. ಇನ್ನು ನೀವೇ ಓಡಿಸ್ಕೊಳ್ಳಿ."

ನಾನು ಯಜಮಾನರನ್ನು ಅಡುಗೆಮನೆಗೆ ಕರೆದು, ದೀಪವನ್ನು ಮೊದಲಿನ ಹಾಗೇ ಮಾಡಿಬಿಡಿ ಎಂದೆ. ಬಂದವರು ಆಡಿಕೊಂಡು ನಗುತ್ತಾರೆ ಎಂದು ಅವರು ಗೊಣಗಿದರು.

"ನಗಲಿ ಬಿಡಿ. ಮಾವನಿಗೆ ಕಾಣೋ ರೈಲು ಅದೊಂದೇ."

ಅವರು ನೀರಿನ ಲೋಟ ಕೆಳಗಿಟ್ಟು ಸ್ಕ್ರೂಡ್ರೈವರ್ ಹುಡುಕಿದರು.

ಮಾರನೆಯ ಸಂಜೆ ಆರತಿಗೆ ಬಂದ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ನಾನು ಕೋಣೆಯ ದೀಪ ಆರಿಸಿ, ಒತ್ತಾಯ ಮಾಡಿ ಕರೆತಂದ ಮೇಲೆ ಮಾವ ಗುಂಡಿ ಹಿಡಿದರು. ಬೆಳಕು ಏರಿತು, ಎರಡು ಸುತ್ತು ಉಳಿಯಿತು, ಮೆಲ್ಲಗೆ ಇಳಿದು ಆರಿತು. ಮಬ್ಬಿನಲ್ಲಿ ಚಕ್ರದ ಸದ್ದು ಟಕ್, ಟಕ್ ಎಂದು ತೆವಳಿ ನಿಂತಿತು.

"ಎಲ್ಲಿದೆಯಮ್ಮಾ?"

"ಪ್ಲಾಟ್‌ಫಾರ್ಮಲ್ಲೇ ಇದೆ ಮಾವ. ಎಂಜಿನ್ನು ಮಾತ್ರ ಒಂಚೂರು ಮುಂದೆ ಹೋಗಿದೆ."

ಕೋಸಂಬರಿ ಎಲೆ ಹಿಡಿದುಕೊಂಡಿದ್ದ ಪಕ್ಕದ ಮನೆಯಾಕೆ, ಇನ್ನೆಷ್ಟು ಹೊತ್ತು ರೀ ಕತ್ತಲೆ ಎಂದರು.

"ಇಳಿಯೋರು ಇಳೀಲಿ ಕಣಮ್ಮ" ಎಂದರು ಮಾವ. "ವಯಸ್ಸಾದೋರು ಇರ್ತಾರೆ."

ಎಲ್ಲರೂ ಇಳಿದಿರಬೇಕು ಅನ್ನುವಷ್ಟು ಹೊತ್ತು ಕಾದು, ಅವರು ಗುಂಡಿಯನ್ನು ತಿರುಗಿಸಿದರು.