ಅಮ್ಮನ ಜಾಮೀನು ಸಹಿ

ಗೆಳೆಯರೇ, ಇವತ್ತು ಮೊಮ್ಮಗಳನ್ನು ಗ್ರಂಥಾಲಯದ ಬೇಸಿಗೆ ಶಿಬಿರಕ್ಕೆ ಸೇರಿಸುವಾಗ ಎಂಬತ್ತರ ದಶಕದ ಒಂದು ಬೆಳಿಗ್ಗೆ ನೆನಪಾಯಿತು.

ಬಸವನಗುಡಿಯ ಇದೇ ಗ್ರಂಥಾಲಯದಲ್ಲಿ ರಜೆಯ ಕಥಾ ತರಗತಿ ಮುಗಿದಿತ್ತು. ಗೆಳತಿ ಸುಧಾಳ ತಂದೆ, ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರು, ಮಗಳನ್ನು ಸದಸ್ಯಳಾಗಿಸಲು ಬಂದಿದ್ದರು.

"ಸರ್ಕಾರಿ ನೌಕರರ ಜಾಮೀನು ಬೇಕು," ಎಂದರು ಗುಮಾಸ್ತರು.

"ನಂದು ಅಷ್ಟು ದೊಡ್ಡ ಅಂಗಡಿ ಇದೆಯಲ್ಲ ಸ್ವಾಮಿ!"

"ಅಂಗಡಿ ಇದ್ರೆ ಆಗಲ್ಲ ಸಾರ್."

ನನ್ನನ್ನು ಕರೆದೊಯ್ಯಲು ಬಂದಿದ್ದ ಅಮ್ಮ ಮುಂದೆ ಬಂದಳು. "ನಾನ್ ಸಹಿ ಹಾಕ್ಲಾ ಸಾರ್? ಕಾರ್ಪೊರೇಷನ್ನಲ್ಲಿ ರಸ್ತೆ ಗುಡಿಸ್ತೀನಿ. ಪರ್ಮನೆಂಟು."

ಗುಮಾಸ್ತರು ಗುರುತಿನ ಚೀಟಿ ನೋಡಿ ಅರ್ಜಿಯನ್ನು ಅವಳ ಮುಂದಿಟ್ಟರು. ಅಮ್ಮ ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದಳು.

"ದೊಡ್ಡ ಉಪಕಾರ ಆಯ್ತಮ್ಮ," ಎಂದು ಅಂಗಡಿಯವರು ಕೈ ಮುಗಿದರು.

ಸುಧಾ ಪುಸ್ತಕ ಕಳೆದರೆ ಇನ್ನು ಹೊಣೆ ನಮ್ಮಮ್ಮನದೇ. ಅದನ್ನೂ ನಾನು ಬೀದಿಗೆಲ್ಲ ಜಂಬದಿಂದ ಹೇಳಿಕೊಂಡು ಬಂದೆ.