ಅಭ್ರಕದ ಬೆಲರ್ಮೀನೋ

“ಅಮ್ಮಾ, ಬೆಲರ್ಮೀನೋ ತಾತ ಕಲ್ಲು ನೆಕ್ಕೋದ್ಯಾಕೆ?” ಎಂದು ಇವತ್ತು ಇಲ್ಮಾ ಕೇಳಿದಳು. ಒದ್ದೆಯಾದರೆ ಬಣ್ಣ ಎದ್ದು ಕಾಣುತ್ತದೆ ಎಂದೆ. ನಮ್ಮ ಇಟಿಂಗಾ ಊರಿನ ಗಣಿಗುಂಡಿಗಳಲ್ಲಿ ಏನೇ ಹೊಳೆದರೂ ಅಗೆಯುವವರು ಓಡಿಬರುವುದು ಈ ಪಕ್ಕದ ಮನೆಯ ಮುದುಕರ ಬಳಿಗೆ. ಕಾಫಿ ಮುಗಿಯದೆ ಅವರು ಕಲ್ಲು ಮುಟ್ಟುವವರಲ್ಲ; ಮೇಯರ್ ಬಂದರೂ ಕಾಯಬೇಕು. ಆಮೇಲೆ ಚಾಕುವಿನ ತುದಿಯಿಂದ ಈರುಳ್ಳಿ ಸಿಪ್ಪೆಯಂಥ ಪದರ ಎಬ್ಬಿಸಿ ಬಗ್ಗಿಸುತ್ತಾರೆ. ಬಗ್ಗಿದ್ದು ಹಾಗೇ ಉಳಿದರೆ, “ಇದಕ್ಕೆ ಬೆನ್ನುಮೂಳೆ ಇಲ್ಲ, ನಿನ್ನ ಭಾವನ ಹಾಗೆ. ಎಸಿ” ಎನ್ನುತ್ತಾರೆ. ಚಿಮ್ಮಿ ನೆಟ್ಟಗಾದರೆ ಅಭ್ರಕ. ಅದು ಅಪರೂಪದ ಲಿಥಿಯಂ ಅಭ್ರಕವೇ ಎಂದು ತಿಳಿಯಲು ಚೂರೊಂದನ್ನು ಬೆಂಕಿಗೆ ಹಿಡಿಯುತ್ತಾರೆ. ಜ್ವಾಲೆ ಕಡುಗೆಂಪಾದರೆ ಹೌದು. ಅವರ ಒಂದು ಮಾತು ನಂಬಿ ಜನ ತಿಂಗಳುಗಟ್ಟಲೆ ಅಗೆಯುತ್ತಾರೆ. ಈಚೆಗೆ ಬೆಂಕಿಯ ಪರೀಕ್ಷೆ ಮಾತ್ರ ನಮ್ಮ ಅಡುಗೆಮನೆಯಲ್ಲಿ. ಮನೆಯ ದೀಪದ ಬತ್ತಿ ಮುಗಿದಿದೆ ಎಂದು ಮೂರು ವಾರದಿಂದ ಹೇಳುತ್ತಲೇ ಇದ್ದಾರೆ. ಇವತ್ತೂ, ಕಲ್ಲು ತಂದ ಅಣ್ಣತಮ್ಮಂದಿರನ್ನು ಹೊರಗೆ ಕೂರಿಸಿ ಬಂದು, ಚೂರನ್ನು ನನ್ನ ಒಲೆಗೆ ಹಿಡಿದು ಜ್ವಾಲೆಯ ಹತ್ತಿರಕ್ಕೆ ಮುಖ ತಂದರು. ಆಮೇಲೆ ಮೆಲ್ಲಗೆ ಅಂದರು: “ಬತ್ತಿ ಮುಗಿದಿದ್ದು ಬರೀ ನೆಪ. ಕೆಂಪೋ ಹಳದಿಯೋ ನಂಗೆ ಗೊತ್ತಾಗ್ತಿಲ್ಲ ಕಣಮ್ಮ, ಕಣ್ಣು ಕೈಕೊಟ್ಟಿದೆ. ಸುಳ್ಳು ಹೇಳಿ ಆ ಹುಡುಗರ ಬೆನ್ನು ಮುರಿಸೋಕೆ ಮನಸ್ಸಿಲ್ಲ. ಇನ್ಮೇಲೆ ಬಣ್ಣ ನೀನು ನೋಡಿ ಹೇಳು, ನಾನು ಹೊರಗೋಗಿ ಅವರಿಗೆ ಹೇಳ್ತೀನಿ.”